ಮಂಗಳವಾರ ಹಾಸನಕ್ಕೆ

ಗೆಂಡೆಹಳ್ಳಿ
೧೨ ಜೂನ್ ೨೦೨೪

ಮಾಲಿನಿ,

ಕವರಿನ ಹಿಂದೆ ನನ್ನ ಹೆಸರು ಬರೆದಿಲ್ಲ. ಬರೆದಿದ್ದರೆ ನೀನು ಒಡೆಯದೆ ಇಟ್ಟುಬಿಡುತ್ತೀಯ ಎಂಬ ಭಯ. ಈಗ ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಕಣಕಟ್ಟೆ ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತು, ಒಬ್ಬರ ನೋಟ್ಸ್ ಇನ್ನೊಬ್ಬರು ಬರೆದುಕೊಂಡವರು ನಾವು. ದಯವಿಟ್ಟು ಕೊನೆಯ ತನಕ ಓದು.

ಗಾನವಿಗೆ ಈಗ ಮೂರು ವರ್ಷ ಮೂರು ತಿಂಗಳು. ಒಂದು ಮಾತೂ ಬಂದಿಲ್ಲ. ಏನಾದರೂ ಬೇಕಾದರೆ ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ನನ್ನ ಕೈಯನ್ನೇ ಆ ವಸ್ತುವಿನ ಮೇಲೆ ಇಡುತ್ತಾಳೆ. ಮುಖ ನೋಡುವುದಿಲ್ಲ. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರುಚುತ್ತಾಳೆ. ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುತ್ತ ಗಂಟೆಗಟ್ಟಲೆ ಕೂರುತ್ತಾಳೆ. ಒಂದನ್ನು ಸರಿಸಿದರೂ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಾಳೆ. ಅತ್ತೆ ಲಲಿತಮ್ಮನವರು "ನಿನ್ ಗಂಡನೂ ನಾಕು ವರ್ಸಕ್ಕೇ ಮಾತಾಡಿದ್ದು, ಸುಮ್ಕಿರು" ಎನ್ನುತ್ತಾರೆ. ಇಷ್ಟು ದಿನ ನಾನೂ ಆ ಮಾತನ್ನೇ ಹಿಡಿದುಕೊಂಡು ಕೂತಿದ್ದೆ.

ಕಳೆದ ಭಾನುವಾರ ತಿಪಟೂರಿನ ನೆಂಟರನ್ನು ಕರೆದುಕೊಂಡು ಹಳೇಬೀಡಿಗೆ ಹೋಗಿದ್ದೆವು. ಚಪ್ಪಲಿ ಬಿಡುವಲ್ಲಿ ಕೈ ಬಿಡಿಸಿಕೊಂಡು ಹೋದ ಗಾನವಿ ಅರ್ಧ ಗಂಟೆ ಸಿಗಲಿಲ್ಲ. ಅವಳ ಅಪ್ಪ ಕೆರೆಯ ಕಡೆಗೆ ಓಡಿದರು. ನಾನು ದೇವಸ್ಥಾನ ಸುತ್ತುತ್ತ ಹೆಸರು ಕೂಗಿದೆ. ಹಿಂಬದಿಯಲ್ಲಿ, ಗೋಡೆಯ ಬುಡದ ಆನೆಸಾಲಿನ ಮೇಲೆ ಬೆರಳಾಡಿಸುತ್ತ ಒಂದಾನೆಯಿಂದ ಇನ್ನೊಂದಕ್ಕೆ ನಡೆಯುತ್ತಿದ್ದಳು. ಎರಡು ಮಾರು ದೂರದಲ್ಲಿ ನಿಂತು ಕೂಗಿದೆ. ಮೂರು ಸಲ ಕೂಗಿದೆ. ಸುತ್ತ ಇದ್ದವರೆಲ್ಲ ನನ್ನ ಕಡೆ ತಿರುಗಿದರು, ಅವಳೊಬ್ಬಳನ್ನು ಬಿಟ್ಟು.

ಸುಮಾರು ಎರಡು ವರ್ಷದ ಹಿಂದೆ, ದಸರಾಕ್ಕೆ ತವರಿಗೆ ಬಂದಿದ್ದಾಗ ನೀನು ಹೇಳಿದ್ದು ಇದನ್ನೇ. "ಹೆಸ್ರು ಕೂಗಿದ್ರೆ ತಿರುಗ್ತಾ ಇಲ್ಲ ಕಣೇ, ಒಂದ್ಸಲ ಎಲ್ಲಾದ್ರೂ ತೋರ್ಸು" ಅಂದೆ. ಅದಕ್ಕೆ ನಾನು ಏನೆಂದೆ ಎಂಬುದು ನಿನಗೂ ನೆನಪಿದೆ, ನನಗೂ ನೆನಪಿದೆ. ಆ ಮಾತನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ.

ನಿನ್ನ ಅಂಗನವಾಡಿಗೆ ಬರುವ ಬೇರೆ ಯಾವ ತಾಯಿ ಕೇಳಿದ್ದರೂ ಏನು ಹೇಳುತ್ತಿದ್ದೆಯೋ ಅಷ್ಟನ್ನೇ ನನಗೂ ಹೇಳು. ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು. ಹೋಗುತ್ತೇನೆ.

ಸೌಂದರ್ಯ


ಕಣಕಟ್ಟೆ
೨೧ ಜೂನ್ ೨೦೨೪

ಶ್ರೀಮತಿ ಸೌಂದರ್ಯ ಅವರಿಗೆ,

ನಿಮ್ಮ ಪತ್ರ ತಲುಪಿತು. ಹಳೆಯ ವಿಷಯ ಬರೆಯುವುದಿಲ್ಲ, ಮಗುವಿನ ವಿಷಯ ಮಾತ್ರ ಬರೆಯುತ್ತೇನೆ.

ಮೊದಲು ನಿಮ್ಮ ಊರಿನ ಅಂಗನವಾಡಿಯಲ್ಲಿ ಮಗುವಿನ ಹೆಸರು ಬರೆಸಿ. ಮಾತು ಬಾರದ ಮಗುವನ್ನು ಸೇರಿಸಿಕೊಳ್ಳಬಾರದು ಎಂಬ ನಿಯಮ ಎಲ್ಲೂ ಇಲ್ಲ. ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗಳಿಗೆ ಬರುತ್ತದೆ. ಅವರು ಬರುವ ದಿನ ಮಗುವನ್ನು ತಪ್ಪದೆ ಕರೆದೊಯ್ಯಿರಿ. ಹಾಸನದ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಚಿಕ್ಕ ಮಕ್ಕಳ ಬೆಳವಣಿಗೆಯಲ್ಲಿ ತೊಡಕಿದ್ದರೆ ನೋಡುವ ಕೇಂದ್ರ ಅಲ್ಲಿದೆ. ಕಿವಿ, ಮಾತು, ಆಟ, ನಡವಳಿಕೆ ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ದುಡ್ಡು ಕೇಳುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ಮಗು ದಿನವೂ ಏನು ಮಾಡಿತು ಎಂದು ಬರೆಯಿರಿ. ಏನು ಮಾಡಲಿಲ್ಲ ಎಂದಲ್ಲ, ಏನು ಮಾಡಿತು ಎಂದು. ಡಾಕ್ಟರಿಗೆ ಸಿಗುವುದು ಅರ್ಧ ಗಂಟೆ. ನಿಮಗೆ ಇಡೀ ದಿನವಿದೆ.

ಫೋನ್ ಮಾಡಬೇಡಿ. ನಿಮ್ಮ ದನಿ ಕೇಳಲು ನನಗಿನ್ನೂ ಆಗದು. ಕೇಳುವುದಿದ್ದರೆ ಬರೆಯಿರಿ.

ಮಾಲಿನಿ
ಅಂಗನವಾಡಿ ಕಾರ್ಯಕರ್ತೆ


ಗೆಂಡೆಹಳ್ಳಿ
೧೯ ಜುಲೈ ೨೦೨೪

ಮಾಲಿನಿ,

ನೀನು ಬರೆದಂತೆಯೇ ಮಾಡಿದೆ. ನಮ್ಮ ಅಂಗನವಾಡಿ ಟೀಚರ್ ಮೊದಲು ಹಿಂದುಮುಂದು ನೋಡಿದರು. "ಬ್ಯಾರೆ ಮಕ್ಳಿಗೆ ಹೊಡೆದ್ರೆ ಅಂತ ಅಷ್ಟೆಯ" ಎಂದರು. "ನಾನೇ ಪಕ್ಕದಲ್ಲಿ ಕೂತಿರ್ತೀನಿ ಬಿಡಿ" ಎಂದೆ. ಹದಿನೈದು ದಿನ ಬಾಗಿಲಲ್ಲಿ ಕೂತೆ. ಗಾನವಿ ಯಾರಿಗೂ ಹೊಡೆಯಲಿಲ್ಲ. ಊಟದ ತಟ್ಟೆಗಳನ್ನು ದೊಡ್ಡದು ಚಿಕ್ಕದು ನೋಡಿ ಜೋಡಿಸಿಟ್ಟಳು. ಈಗ ಟೀಚರೇ ತಟ್ಟೆಗಳನ್ನು ತಂದು ಅವಳ ಮುಂದೆ ಇಡುತ್ತಾರೆ.

ಹತ್ತನೇ ತಾರೀಕು ತಪಾಸಣೆ ತಂಡ ಬಂತು. ವ್ಯಾನಿನ ಸದ್ದಿಗೇ ಗಾನವಿ ಮೇಜಿನ ಅಡಿ ಸೇರಿಕೊಂಡಳು. ಎಳೆಯಲು ಹೋದ ನನ್ನನ್ನು ಡಾಕ್ಟರಮ್ಮ ತಡೆದು, ತಾವೇ ನೆಲದ ಮೇಲೆ ಕೂತು, ಒಂದು ಬುಗುರಿಯನ್ನು ಅವಳ ಕಡೆಗೆ ತಿರುಗಿಸಿ ಬಿಟ್ಟರು. ಇಪ್ಪತ್ತು ನಿಮಿಷ ಹಾಗೇ ಕೂತಿದ್ದರು. ಆಮೇಲೆ ನನ್ನ ನೋಟ್‌ಬುಕ್ ಓದಿ, "ಹೀಗೆ ಬರೀರಿ ಅಂತ ನಿಮಗೆ ಹೇಳಿದ್ದು ಯಾರು?" ಎಂದು ಕೇಳಿದರು. "ನನ್ನ ಸ್ನೇಹಿತೆ" ಎಂದೆ. ಹಾಗೆನ್ನುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ.

ಹಾಸನಕ್ಕೆ ಚೀಟಿ ಕೊಟ್ಟರು. ಆ ಚೀಟಿ ಈಗ ಬೀರುವಿನೊಳಗೆ ಬೀಗದಲ್ಲಿದೆ.

ಸಂಜೆ ಮನೆಯಲ್ಲಿ ಚೀಟಿ ತೋರಿಸಿದೆ. ಮಾವ ಹನುಮಂತಯ್ಯನವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅವರು ಕೂಗಾಡುವವರಲ್ಲ, ನಿಧಾನವಾಗಿಯೇ ಹೇಳಿದರು. "ನೋಡವ್ವ, ಹೇಮಾಶ್ರೀಗೆ ಅರಸೀಕೆರೆ ಕಡೆಯಿಂದ ಸಂಬಂಧ ಬಂದೈತೆ. ಹುಡುಗ ಹೈಸ್ಕೂಲ್ ಮೇಷ್ಟ್ರು. ಈಗ ಮಗೀಗೆ ಇಂಥದ್ದು ಅಂತ ಸರ್ಕಾರಿ ಕಾಗ್ದದಲ್ಲಿ ಬರೆಸ್ಕಂಡ್ ಬಂದ್ರೆ, ಇವ್ರ ವಂಸದಲ್ಲೇ ಐತೆ ಅಂತಾರೆ. ಅವಳ ಮದ್ವೆ ಆಗೋಗ್ಲಿ. ಮಾಘ ಕಳೀಲಿ, ಆಮ್ಯಾಲೆ ಎಲ್ಲಿಗ್ ಬೇಕಾದ್ರೂ ತೋರ್ಸು."

ನನ್ನ ನಾದಿನಿ ಹೇಮಾಶ್ರೀ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನನ್ನ ಗಂಡ ಚೇತನ್‌ಕುಮಾರ್ ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ನೂರು ಜನರ ತಕರಾರು ಬಿಡಿಸುವವರು. ಅಪ್ಪನೆದುರು ಒಂದು ಮಾತೂ ಆಡದೆ ಚೀಟಿ ಮಡಚಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಆರು ತಿಂಗಳು ತಾನೆ, ಸೌಂದರ್ಯ" ಎಂದರು.

ಹೇಮಾಶ್ರೀ ಕೆಟ್ಟವಳಲ್ಲ. ಅವಳಿಗೂ ವಯಸ್ಸು ಇಪ್ಪತ್ತಾರಾಯಿತು. ಆರು ತಿಂಗಳಲ್ಲಿ ಅಂಥದ್ದೇನಾಗಿಬಿಡುತ್ತದೆ, ನೀನೇ ಹೇಳು.

ಸೌಂದರ್ಯ


ಕಣಕಟ್ಟೆ
೨೭ ಜುಲೈ ೨೦೨೪

ಸೌಂದರ್ಯ,

ಆರು ತಿಂಗಳಲ್ಲಿ ಏನಾಗುತ್ತದೆ ಎಂದು ಕೇಳುತ್ತೀಯಲ್ಲ, ಅದೂ ನನ್ನನ್ನು.

ನಿನ್ನ ಕೈ ಬರೆಯಲಾರದ ಮಾತನ್ನು ನಾನೇ ಬರೆಯುತ್ತೇನೆ. "ನಿಮ್ಮ ದೀಪಕ್‌ನಂಥವು ನಿಮ್ಮ ಕೇರೀಲಿ ಹುಟ್ತಾವೆ ಕಣೇ, ನಮ್ಮನೇಲಿ ಹುಟ್ಟಲ್ಲ." ಇದು ನೀನು ಅಂದದ್ದು. ನಿನ್ನ ಅಮ್ಮ ಪಕ್ಕದಲ್ಲೇ ಇದ್ದರು, ಸುಮ್ಮನಿದ್ದರು. ನಾನು ಮಗುವಿನ ತೂಕದ ಪುಸ್ತಕ ಮಡಚಿಕೊಂಡು ಎದ್ದು ಬಂದೆ. ಮನೆಗೆ ಬಂದರೆ ನನ್ನ ತಮ್ಮ ದೀಪಕ್ ಅಂಗಳದಲ್ಲಿ ಕೂತಿದ್ದ. ಅವನ ಮುಖ ನೋಡಲು ನನಗೆ ನಾಚಿಕೆಯಾಯಿತು. ನಿನ್ನ ಮೇಲಿನ ಸಿಟ್ಟು ಆರಿದರೂ ಆ ಒಂದು ಕ್ಷಣದ ನಾಚಿಕೆ ಆರಿಲ್ಲ.

ದೀಪಕ್ ಮೂರು ವರ್ಷದವನಿದ್ದಾಗ ಗಾನವಿಯ ಹಾಗೆಯೇ ಕೈ ಹಿಡಿದು ಎಳೆಯುತ್ತಿದ್ದ. ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾಲೇಕಲ್ಲು ಬೆಟ್ಟದ ಮೆಟ್ಟಿಲನ್ನೆಲ್ಲ ಹತ್ತಿದರು. ನಮ್ಮ ಮನೆಗೆ ಬುದ್ಧನ ಫೋಟೋ ಬಂದದ್ದು ಆಮೇಲೆ. ಆಗಿನ್ನೂ ಹರಕೆ ಹೊರುತ್ತಿದ್ದೆವು. ತಾಯಿತ ಕಟ್ಟಿಸಿದರು, ನಾಲಿಗೆಗೆ ಬಜೆ ತೇಯ್ದು ಹಚ್ಚಿದರು. ಬಸ್ ಹತ್ತಿ ಇಂಥ ಕಡೆಗೆ ಹೋಗು ಎಂದು ನನ್ನ ಅಪ್ಪ ತಮ್ಮಯ್ಯನಿಗೆ ಹೇಳುವವರು ಒಬ್ಬರೂ ಇರಲಿಲ್ಲ. ಈಗ ದೀಪಕ್‌ಗೆ ಇಪ್ಪತ್ತೇಳು. ಕಳೆದ ವರ್ಷ ಎರಡು ದಿನ ಊಟ ಬಿಟ್ಟು ಗೋಡೆಗೆ ಒರಗಿ ಕೂತಿದ್ದ. ಸಿಟ್ಟೇನೋ ಅಂದುಕೊಂಡೆವು. ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದಿತ್ತು. ಬದುಕಿದ್ದು ಹೆಚ್ಚು. ಇಪ್ಪತ್ತಾರು ವರ್ಷದ ಗಂಡಸಿಗೆ ಇಲ್ಲಿ ನೋಯುತ್ತಿದೆ ಎಂದು ಬೆರಳಿಟ್ಟು ತೋರಿಸಲು ಯಾರೂ ಕಲಿಸಿರಲಿಲ್ಲ.

ಗಾನವಿ ಅದನ್ನು ಕಲಿಯಬೇಕಾದ ಆರು ತಿಂಗಳು ಇವು. ಈ ವಯಸ್ಸಿನಲ್ಲಿ ಸುಲಭವಾಗಿ ಹತ್ತುವುದು ಆಮೇಲೆ ಹತ್ತು ಪಟ್ಟು ಕಷ್ಟ. ಬೇರೆಯವರ ಮದುವೆಗೆ ಅದನ್ನು ಉಡುಗೊರೆ ಕೊಡಲು ನೀನ್ಯಾರು?

ಬೀರುವಿನ ಬೀಗದ ಕೈ ಎಲ್ಲಿದೆಯೆಂದು ನಿನಗೆ ಗೊತ್ತಿರಬೇಕಲ್ಲ.

ಮಾಲಿನಿ


ಗೆಂಡೆಹಳ್ಳಿ
೨೧ ಆಗಸ್ಟ್ ೨೦೨೪

ಮಾಲಿನಿ,

ಆ ಸಾಲನ್ನು ಓದಿದೆ. ಬೇರೆ ಯಾರೋ ಆಡಿದ ಮಾತೆಂದು ನನಗೆ ನಾನೇ ಹೇಳಿಕೊಳ್ಳಲು ನೋಡಿದೆ. ಆಗಲಿಲ್ಲ. ಅಂದದ್ದು ನಾನೇ. ತಪ್ಪಾಯಿತು ಎಂಬುದು ಅದಕ್ಕೆ ಸಾಲದ ಮಾತು, ಆದರೆ ನನ್ನಲ್ಲಿರುವುದು ಅಷ್ಟೇ.

ನಿನ್ನ ಪತ್ರ ಬಂದ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ, ಸಾರು ಬಡಿಸುತ್ತಲೇ ಗಂಡನನ್ನು ಕೇಳಿದೆ. "ಬೀರು ಬೀಗದ ಕೈ ಕೊಡಿ."

"ಅಪ್ಪ ಬೇಡ ಅಂದವ್ರಲ್ಲ" ಎಂದರು.

"ಮಾವ ಅವರ ಮಗಳ ಚಿಂತೆ ಮಾಡ್ತಾವ್ರೆ, ಅದು ಸರಿಯಾಗೇ ಐತೆ. ನಾನು ನನ್ನ ಮಗಳ ಚಿಂತೆ ಮಾಡ್ತೀನಿ. ನೀವು ಯಾರ ಅಪ್ಪ ಅಂತ ನೀವೇ ನೋಡ್ಕಳಿ."

ಮಾವ ಅರ್ಧಕ್ಕೇ ಕೈ ತೊಳೆದರು. ಮಾರನೆಯ ಬೆಳಿಗ್ಗೆ ಡೇರಿಗೆ ಹೊರಡುವಾಗ ಚೇತನ್ ಬೀಗದ ಕೈಯನ್ನು ದೇವರ ಗೂಡಿನ ಪಕ್ಕ ಇಟ್ಟು ಹೋದರು.

ಆಗಸ್ಟ್ ಆರು, ಮಂಗಳವಾರ, ನಾವಿಬ್ಬರೇ ಹೊರಟೆವು. ಬೇಲೂರಿನ ತನಕ ಸುಮ್ಮನಿದ್ದಳು. ಹಾಸನದ ಬಸ್ಸಿನ ಹಾರ್ನಿಗೆ ಶುರುವಾಯಿತು. ನನ್ನ ತೋಳು ಕಚ್ಚಿದಳು, ಸೀಟಿನ ಕೆಳಗೆ ನುಗ್ಗಿದಳು. ಹಿಂದಿನ ಸೀಟಿನವರು "ಎಂಥಾ ತಾಯಿ ಇವ್ಳು, ಮಗಾನ ಹಿಡಿಯಕ್ಕೂ ಬರಲ್ಲ" ಎಂದರು. ಕಂಡಕ್ಟರ್ ಮಾತ್ರ ಮುಂದಿನ ಒಂಟಿ ಸೀಟು ಬಿಡಿಸಿಕೊಟ್ಟ.

ಕೇಂದ್ರದಲ್ಲಿ ಕಿವಿ ನೋಡಿದರು. ಚೆನ್ನಾಗಿ ಕೇಳಿಸುತ್ತದೆಯಂತೆ. ಆಟ ಆಡಿಸಿದರು, ನನ್ನನ್ನು ಒಂದು ಗಂಟೆ ಪ್ರಶ್ನೆ ಕೇಳಿದರು. ಡಾಕ್ಟರ್ ಶರತ್‌ಚಂದ್ರ ಎಂಬುವವರು ಕೊನೆಗೆ ಹೇಳಿದರು. "ಇದಕ್ಕೆ ಆಟಿಸಂ ಅಂತಾರೆ. ರೋಗ ಅಲ್ಲ, ವಾಸಿ ಮಾಡೋ ಮಾತ್ರೆ ಇಲ್ಲ. ಇವಳ ಮೆದುಳು ಬೆಳೆಯೋ ದಾರಿಯೇ ಬೇರೆ. ಕಲೀತಾಳೆ. ಆದರೆ ನಾವು ಕಲಿಸೋ ರೀತಿ ಬದಲಾಗಬೇಕು. ಇದು ನೀವು ಮಾಡಿದ್ದರಿಂದ ಆದದ್ದಲ್ಲ, ಬಿಟ್ಟಿದ್ದರಿಂದ ಆದದ್ದೂ ಅಲ್ಲ."

ಅಲ್ಲಿ ಅಳಲಿಲ್ಲ. ಬೇಲೂರು ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಅತ್ತುಬಿಟ್ಟೆ. ಅತ್ತು ಮುಗಿಸಿ ಗಾನವಿಗೆ ಬಾಳೆಹಣ್ಣು ಕೊಡಿಸಿದೆ.

ಈಗ ಪ್ರತಿ ಮಂಗಳವಾರ ಹೋಗಬೇಕು. ಮೂರು ಸಲ ಹೋಗಿ ಬಂದೆವು. ಮಾತು ಕಲಿಸುವ ಹುಡುಗಿ ನಮಗಿಂತ ಚಿಕ್ಕವಳು, ಶಿಸ್ತಿನವಳು. ಬಿಸ್ಕತ್ತು ಪೂರ್ತಿ ಕೊಡಬೇಡಿ, ಅರ್ಧ ಕೊಟ್ಟು ಮನಸ್ಸಿನಲ್ಲೇ ಹತ್ತು ಎಣಿಸಿ, ಅವಳು ಕೇಳಲಿ ಎಂದಿದ್ದಾಳೆ. ಹತ್ತು ಎಣಿಸುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ದೀಪಕ್ ಹೇಗಿದ್ದಾನೆ? ಇದನ್ನು ನಾನು ಯಾವತ್ತೂ ಕೇಳಿಯೇ ಇರಲಿಲ್ಲ.

ಸೌಂದರ್ಯ


ಕಣಕಟ್ಟೆ
೩ ಸೆಪ್ಟೆಂಬರ್ ೨೦೨೪

ಸೌಂದರ್ಯ,

ದೀಪಕ್ ಚೆನ್ನಾಗಿದ್ದಾನೆ. ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಾನೆ. ಅವನು ಕಟ್ಟಿದ ಪೊರಕೆಯಲ್ಲಿ ಒಂದು ಕಡ್ಡಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಉದ್ದ ಇರುವುದಿಲ್ಲ.

ಮುಂದಿನ ಕೆಲಸ ಸರ್ಟಿಫಿಕೇಟಿನದು. ಆಟಿಸಂ ಈಗ ಅಂಗವಿಕಲತೆಯ ಕಾನೂನಿನ ಪಟ್ಟಿಯಲ್ಲೇ ಇದೆ. ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಡಾಕ್ಟರ ಮಂಡಳಿ ನೋಡಿ ಕೊಡುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ತಾತ್ಕಾಲಿಕವಾಗಿ ಕೊಟ್ಟು, ಆಮೇಲೆ ಮತ್ತೆ ನೋಡುತ್ತಾರೆ. ನಿನ್ನ ಮಾವನಿಗೆ ಇದನ್ನು ಹೇಳು, ಅದು ಹಣೆಬರಹವಲ್ಲ. ಅದು ಕೈಗೆ ಬಂದರೆ ಗುರುತಿನ ಕಾರ್ಡು, ಮಾಸಾಶನ, ಬಸ್ ಪಾಸು, ತರಬೇತಿಯ ಖರ್ಚಿಗೂ ಆಗುವ ನಿರಾಮಯ ಎಂಬ ವಿಮೆ, ಇವಕ್ಕೆಲ್ಲ ಅರ್ಜಿ ಹಾಕಬಹುದು. ಶಾಲೆಗೆ ಸೇರುವ ಹೊತ್ತಿಗೆ ವಿಶೇಷ ಶಿಕ್ಷಕರನ್ನು ಕೇಳಬಹುದು. ಪ್ರತಿ ಪಂಚಾಯಿತಿಗೂ ಈ ಕೆಲಸಕ್ಕೆಂದೇ ಒಬ್ಬ ಪುನರ್ವಸತಿ ಕಾರ್ಯಕರ್ತ ಇರಬೇಕು. ನಿಮ್ಮಲ್ಲಿ ಯಾರೆಂದು ವಿಚಾರಿಸು.

ಇಷ್ಟು ಬರೆದ ಮೇಲೆ ಒಂದು ಮಾತು ಹೇಳದಿದ್ದರೆ ಮೋಸವಾಗುತ್ತದೆ. ಇದೆಲ್ಲ ಬಾಯಿಪಾಠ ಇರುವ ನಾನು ನನ್ನ ತಮ್ಮನಿಗೆ ಇವತ್ತಿನ ತನಕ ಸರ್ಟಿಫಿಕೇಟ್ ಮಾಡಿಸಿಲ್ಲ. ಅಪ್ಪನನ್ನು ಎರಡು ಸಲ ಕೇಳಿದೆ. "ನನ್ ಮಗ ಕೆಲಸಕ್ಕೆ ಬಾರದೋನು ಅಂತ ನಾನೇ ಸೈನು ಹಾಕ್ಲಾ" ಎಂದರು. ಮೂರನೆಯ ಸಲ ಕೇಳುವ ಧೈರ್ಯ ಬರಲಿಲ್ಲ. ನಿನಗೆ ಬೀಗದ ಕೈ ಕೇಳು ಎಂದು ಬರೆದವಳು ನಾನು.

ಮಾಲಿನಿ


ಗೆಂಡೆಹಳ್ಳಿ
೨೨ ಸೆಪ್ಟೆಂಬರ್ ೨೦೨೪

ಮಾಲಿನಿ,

ಹೇಮಾಶ್ರೀಯ ಸಂಬಂಧ ತಪ್ಪಿತು. ನನ್ನಿಂದಲೇ.

ಗೌರಿ ಹಬ್ಬ ಕಳೆದ ಮೇಲೆ ಗಂಡಿನ ಕಡೆಯವರು ನೋಡಲು ಬಂದರು. ಹಿಂದಿನ ದಿನ ಅತ್ತೆ ನನ್ನ ಹತ್ತಿರ ಬಂದು, "ಒಂದೇ ಒಂದ್ ದಿನ ಮಗೀನ ಕರ್ಕಂಡು ಕಣ್ಕಟ್ಟೆಗೆ ಹೋಗ್ಬುಡು" ಎಂದರು. ಬೆಳಿಗ್ಗೆ ಚೀಲ ತುಂಬಿ, ಗಾನವಿಗೆ ಚಪ್ಪಲಿ ಹಾಕಿದೆ. ಅವಳು ಬಾಗಿಲಿಗೆ ಹೋಗಿ ನನಗಾಗಿ ಕಾದು ನಿಂತಳು, ಮಂಗಳವಾರದ ಹಾಗೆ. ಎಲ್ಲಿಗೆ ಹೊರಟಿದ್ದೇನೆಂದು ಅವಳಿಗೆ ಗೊತ್ತಿಲ್ಲ. ಬಚ್ಚಿಡಲು ಹೊರಟಿದ್ದೇನೆಂದು ನನಗೆ ಗೊತ್ತಿತ್ತು. ಚಪ್ಪಲಿ ಬಿಚ್ಚಿಸಿದೆ.

ಬಂದವರು ಒಳ್ಳೆಯವರೇ. ಹುಡುಗ ಹೇಮಾಶ್ರೀಗೆ ಹಿಡಿಸಿದ್ದ, ಅವಳ ಮುಖದಲ್ಲೇ ಕಾಣುತ್ತಿತ್ತು. ಗಾನವಿ ಬಂದು ಹುಡುಗನ ತಾಯಿಯ ಬಳೆಗಳನ್ನು ಒಂದೊಂದಾಗಿ ಸರಿಸತೊಡಗಿದಳು. "ಮಾತಾಡಲ್ವಾ ಮಗು?" ಎಂದು ಅವರು ಕೇಳಿದರು. ಅತ್ತೆ "ಸ್ವಲ್ಪ ನಾಚ್ಕೆ" ಎಂದರು. ಅವರು ನನ್ನ ಕಡೆ ನೋಡಿದರು.

"ಆಟಿಸಂ ಅಂತಾರಮ್ಮ. ಮಾತಿನ್ನೂ ಬಂದಿಲ್ಲ. ಹಾಸನದಲ್ಲಿ ತೋರಿಸ್ತಾ ಇದೀವಿ, ಕಲೀತಾ ಇದಾಳೆ" ಎಂದೆ.

ಅವರು ಗಾನವಿಯ ತಲೆ ಸವರಿದರು. ಕಾಫಿ ಕುಡಿದು, ತಿಳಿಸುತ್ತೇವೆ ಎಂದು ಹೋದರು. ನಾಲ್ಕು ದಿನದ ಮೇಲೆ ಜಾತಕ ಕೂಡಲಿಲ್ಲವೆಂದು ಫೋನ್ ಬಂತು. ಮೊದಲು ಕೂಡಿದ್ದ ಜಾತಕವೇ.

ಹೇಮಾಶ್ರೀ ನನ್ನ ಕೋಣೆಗೆ ಬಂದು, "ಒಂದ್ ದಿನ ಅತ್ತಿಗೆ. ನಿಮ್ಮನ್ನ ಕೇಳಿದ್ದು ಒಂದೇ ದಿನ" ಎಂದಳು. ಮಾವ ಈಗ ನಾನು ಬಡಿಸಿದರೆ ಊಟಕ್ಕೆ ಕೂರುವುದಿಲ್ಲ, ಅತ್ತೆಯೇ ಬಡಿಸಬೇಕು.

ಆದರೂ ನಾಡಿದ್ದು ಮಂಗಳವಾರ. ಹೋಗುತ್ತೇನೆ.

ಸೌಂದರ್ಯ


ಕಣಕಟ್ಟೆ
೧೮ ಜನವರಿ ೨೦೨೫

ಸೌಂದರ್ಯ,

ನಾಲ್ಕು ತಿಂಗಳಾಯಿತು, ನಿನ್ನ ಪತ್ರವಿಲ್ಲ. ನಾನು ಬರೆದ ಎರಡಕ್ಕೂ ಉತ್ತರವಿಲ್ಲ. ಮನೆಯವರು ಸೋಲಿಸಿದರೋ ಅಥವಾ ಬರೆಯಲು ಬಿಡುವಿಲ್ಲದಷ್ಟು ಕೆಲಸವೋ ತಿಳಿಯದು. ಎರಡನೆಯದಾಗಿರಲಿ.

ಫೆಬ್ರವರಿ ಕೊನೆಗೆ ಬೇಲೂರಿನಲ್ಲಿ ಸರ್ಟಿಫಿಕೇಟಿಗೆ ಮಕ್ಕಳನ್ನು ನೋಡುವ ಶಿಬಿರವಿದೆ ಎಂದು ಸಭೆಯಲ್ಲಿ ಹೇಳಿದರು. ಮಗುವಿನ ಆಧಾರ್, ಜನನ ಪತ್ರ, ಎರಡು ಫೋಟೋ, ಹಾಸನದ ಕಾಗದಗಳನ್ನೆಲ್ಲ ಒಂದು ಫೈಲಿನಲ್ಲಿಡು. ಜೊತೆಗೆ ಯಾರೂ ಬರದಿದ್ದರೆ ನನಗೆ ಫೋನ್ ಮಾಡು. ಹೌದು, ಫೋನ್. ರಜೆ ಹಾಕಿ ಬರುತ್ತೇನೆ.

ಮಾಲಿನಿ


ಗೆಂಡೆಹಳ್ಳಿ
೫ ಮಾರ್ಚ್ ೨೦೨೫

ಪ್ರೀತಿಯ ಮಾಲಿನಿ,

ಇಷ್ಟು ದಿನ ಬರೆಯದಿದ್ದದ್ದು ನೀನಂದ ಎರಡನೆಯ ಕಾರಣಕ್ಕೇ, ಬಿಡುವಿರಲಿಲ್ಲ. ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ. ಪೂರ್ತಿ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ.

ನಿನ್ನನ್ನು ಶಿಬಿರಕ್ಕೆ ಬರಬೇಡವೆಂದದ್ದಕ್ಕೆ ಕಾರಣ ಮಾವ. ಆ ಕಥೆ ಡಿಸೆಂಬರಿನಲ್ಲಿ ಶುರುವಾಯಿತು. ಮಾತು ಬರುವ ತನಕ ಕಾಯದೆ ಚಿತ್ರ ಕೊಟ್ಟು ಕೇಳುವುದನ್ನು ಕಲಿಸೋಣ ಎಂದರು ಹಾಸನದಲ್ಲಿ. ನೀರಿನ ಲೋಟದ ಚಿತ್ರ, ಮಜ್ಜಿಗೆಯದು, ಬಾಗಿಲಿನದು. ಗಾನವಿ ಚಿತ್ರ ತಂದು ಕೈಗೆ ಕೊಟ್ಟರೆ ಆ ವಸ್ತುವನ್ನು ಕೊಡಬೇಕು. ಚಿತ್ರಗಳನ್ನು ಬಿಡಿಸಿದವಳು ಹೇಮಾಶ್ರೀ. ನಾನು ಕೇಳಲಿಲ್ಲ. ನನ್ನ ಸೊಟ್ಟ ಲೋಟ ನೋಡಿ ಕಿತ್ತುಕೊಂಡು ಬಿಡಿಸಿದಳು. ನನ್ನೊಡನೆ ಇನ್ನೂ ಅಷ್ಟಕ್ಕಷ್ಟೇ.

ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿದ್ದೆ. ಗಾನವಿ ಮಜ್ಜಿಗೆಯ ಚಿತ್ರ ಹಿಡಿದು ಹಜಾರದಲ್ಲಿ ಒಬ್ಬರೇ ಕೂತಿದ್ದ ಮಾವನ ಹತ್ತಿರ ಹೋಗಿ ಅವರ ಅಂಗೈಯಲ್ಲಿಟ್ಟಳು. ಇಟ್ಟು ಮುಖ ನೋಡಿದಳಂತೆ. ಮಾವ ತಾವೇ ಎದ್ದು ಅಡುಗೆಮನೆಗೆ ಹೋಗಿ, ನೆಲುವಿನಿಂದ ಗಡಿಗೆ ಇಳಿಸಿ, ಅರ್ಧ ಚೆಲ್ಲಿ, ಅರ್ಧ ಲೋಟಕ್ಕೆ ಬಗ್ಗಿಸಿ ಕೊಟ್ಟರು. ಅವರು ಅಡುಗೆಮನೆಗೆ ಕಾಲಿಟ್ಟದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ಕಂಡಿರಲಿಲ್ಲ. ಸಂಜೆ ಚೇತನ್ ಬಂದ ಕೂಡಲೇ ಅಂದರು, "ಇವತ್ತು ಮಗ ನನ್ನ ಕೇಳ್ತು ಕಣ್ಲಾ." ಅವತ್ತಿನಿಂದ ಮಧ್ಯಾಹ್ನ ಒಂದು ಗಂಟೆಗೆ ಅವರು ಹಜಾರ ಬಿಟ್ಟು ಕದಲುವುದಿಲ್ಲ.

ಶಿಬಿರದ ಬೆಳಿಗ್ಗೆ ಒಗೆದ ಪಂಚೆ ಉಟ್ಟು, ನನ್ನ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಗೆ ನನಗಿಂತ ಮೊದಲೇ ನಿಂತಿದ್ದರು. "ಕಾಗ್ದ ಪತ್ರದ ವಿಚಾರ, ನಾನೂ ಬತ್ತೀನಿ" ಎಂದರು. ಅಷ್ಟೇ.

ನಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ ಏಕಾಂತಯ್ಯ ಅಲ್ಲಿಗೆ ಬಂದಿದ್ದರು. ಅವರಿಗೇ ಪೋಲಿಯೋ, ಊರುಗೋಲಿನ ಮೇಲೆ ನಡೆಯುತ್ತಾರೆ, ನಮ್ಮೆಲ್ಲರಿಗಿಂತ ಜೋರಾಗಿ. ಡಾಕ್ಟರು ಗಾನವಿಯನ್ನು ನೋಡಿ ಬರೆದದ್ದಾಯಿತು. ಕಾಗದ ಪರಿಶೀಲಿಸುವ ಮೇಜಿನಲ್ಲಿ ಸಿಕ್ಕಿಬಿದ್ದೆವು. ತಂದೆಯ ಹೆಸರು ಒಂದರಲ್ಲಿ ಚೇತನ್‌ಕುಮಾರ್, ಇನ್ನೊಂದರಲ್ಲಿ ಚೇತನ್ ಎಚ್. ತಿದ್ದಿಸಿಕೊಂಡು ಮುಂದಿನ ಶಿಬಿರಕ್ಕೆ ಬನ್ನಿ ಎಂದರು. ಅದು ಯಾವಾಗೆಂದು ಅವರಿಗೂ ಗೊತ್ತಿರಲಿಲ್ಲ.

ಮಾವ ಅಲ್ಲೇ ಇದ್ದ ಕುರ್ಚಿ ಎಳೆದು ಕೂತರು. "ಸ್ವಾಮಿ, ಒಂದ್ ಪಹಣಿ ತಿದ್ದುಪಡಿಗೆ ಹನ್ನೊಂದ್ ವರ್ಸ ತಿರುಗಿದ ಮನ್ಷ ನಾನು. ಅದು ಜಮೀನು, ಎಲ್ಲೂ ಹೋಗಲ್ಲ, ಕಾಯ್ತದೆ. ಇದು ಮಗು, ದಿನಾ ಬೆಳೀತದೆ. ಎರಡೂ ಹೆಸ್ರು ನನ್ ಮಗನ್ದೇ ಅಂತ ಹೆತ್ತಪ್ಪ ಕೂತ್ಕಂಡ್ ಹೇಳ್ತಾ ಇವ್ನಿ. ಏನ್ ಬರ್ಕೊಡ್ಬೇಕು ಹೇಳಿ, ಬರ್ಕೊಡ್ತೀನಿ. ಆಗೋಗಂಟ ಏಳಾಕಿಲ್ಲ."

ಏಕಾಂತಯ್ಯ ಆಗಲೇ ಹೊರಗೆ ಹೋಗಿ ಛಾಪಾಕಾಗದ ತಂದರು. ನೋಟರಿ ಪಕ್ಕದ ಬೀದಿಯಲ್ಲೇ ಇದ್ದರು. ಮೂರು ಗಂಟೆ ಹಿಡಿಯಿತು. ಗಾನವಿ ಎರಡು ಸಲ ಕಿರುಚಿದಳು, ಒಂದು ಸಲ ನಿದ್ದೆ ಮಾಡಿದಳು. ಕೊನೆಗೆ ಮೇಜಿನವರು ಅರ್ಜಿ ತುಂಬುತ್ತ "ಯಾವ ಬಗೆ?" ಎಂದು ತಲೆಯೆತ್ತದೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ, ಇಡೀ ಹಜಾರಕ್ಕೆ ಕೇಳುವಂತೆ, "ಆಟಿಸಂ ಅಂತ ಬರೀರಿ" ಎಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತ, "ಹೇಮಿ ಸಂಬಂಧದ ವಿಚಾರ ನನಗಿನ್ನೂ ನೋವೈತೆ. ಇಲ್ಲ ಅನ್ನಲ್ಲ" ಎಂದರು. ನನಗೂ ಇದೆ ಮಾವ ಎಂದೆ. ಅಂದು ರಾತ್ರಿ ನನ್ನ ಕೈಯಿಂದಲೇ ಬಡಿಸಿಕೊಂಡರು.

ನಿನ್ನ ಅಪ್ಪನನ್ನು ಮೂರನೆಯ ಸಲ ಕೇಳಿದೆಯಾ?

ಸೌಂದರ್ಯ


ಕಣಕಟ್ಟೆ
೧೩ ಜುಲೈ ೨೦೨೫

ಪ್ರೀತಿಯ ಸೌಂದರ್ಯ,

ಗಾನವಿಯ ಕಾರ್ಡು ಬಂದದ್ದು, ಬಸ್ ಪಾಸ್ ಆದದ್ದು, ಚೇತನ್ ಈಗ ತಿಂಗಳಿಗೆ ಎರಡು ಮಂಗಳವಾರ ಡೇರಿಗೆ ರಜೆ ಹಾಕುವುದು, ಎಲ್ಲ ತಿಳಿದು ಸಂತೋಷವಾಯಿತು. ಈಗ ನಿನಗೆ ಗೊತ್ತಿಲ್ಲದ ಒಂದು ವಿಷಯ ಬರೆಯುತ್ತೇನೆ.

ಕಳೆದ ಭಾನುವಾರ ನಿನ್ನ ತವರಿನ ನಾಮಕರಣಕ್ಕೆ ನೀವೆಲ್ಲ ಬಂದಿದ್ದಿರಲ್ಲ. ಊಟವಾದ ಮೇಲೆ ನಿನ್ನ ಮಾವ ಎಲೆಅಡಿಕೆ ತರುತ್ತೇನೆಂದು ಎದ್ದು ಹೋದರು ಎಂದೆಯಲ್ಲ, ಅವರು ಬಂದದ್ದು ನಮ್ಮ ಮನೆಗೆ. ದಾರಿ ಕೇಳಿಕೊಂಡು ಒಬ್ಬರೇ ಬಂದರು. ಜಗಲಿಯ ಮೇಲೆ ಅಪ್ಪನ ಪಕ್ಕದಲ್ಲಿ ಕೂತರು. ನಮ್ಮ ಜಗಲಿಯ ಮೇಲೆ ನಿಮ್ಮ ಕಡೆಯ ಹಿರಿಯರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಫಿ ಕೊಟ್ಟೆ, ಕುಡಿದರು. ಅಪ್ಪ ಬಿಗಿಯಾಗಿಯೇ ಕೂತಿದ್ದರು. ನಿನ್ನ ಮಾವ ಬುದ್ಧಿ ಹೇಳಲು ಬಂದಿರಬೇಕೆಂದು ನನಗೂ ಅನ್ನಿಸಿ, ಹೇಳಿದರೆ ಎದುರುತ್ತರ ಕೊಡಬೇಕೆಂದು ಬಾಗಿಲಲ್ಲೇ ನಿಂತೆ.

ಅವರು ಹೇಳಲಿಲ್ಲ. ದೀಪಕ್ ಕಡ್ಡಿ ತೆಗೆಯುವುದನ್ನು ಬಹಳ ಹೊತ್ತು ನೋಡಿದರು. "ಎಷ್ಟ್ ಅಚ್ಚುಕಟ್ಟು" ಎಂದರು. ಆಮೇಲೆ, "ನನ್ ಮೊಮ್ಮಗೀಗೆ ಕಾರ್ಡ್ ಆಯ್ತು ತಮ್ಮಯ್ಯ" ಎಂದು ಜೇಬಿನಿಂದ ತೆಗೆದು ತೋರಿಸಿದರು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು.

"ಬರೆಸಿದ್ ಮ್ಯಾಲೆ ಊರೋರು ಏನಂದ್ರು?"

"ಅಂದ್ರು. ಯುಗಾದಿ ಗಂಟ ಅಂದ್ರು. ಆಮೇಲೆ ಮಳೆ ಬಿತ್ತು. ಎಲ್ರೂ ರಾಗಿ ಬಿತ್ತಾಕೆ ಹೋದ್ರು."

ಅಪ್ಪ ನಕ್ಕರು. ಸದ್ದಿಲ್ಲದ ನಗು, ಹೊಟ್ಟೆ ಮಾತ್ರ ಅಲುಗುತ್ತಿತ್ತು. ನಿನ್ನ ಮಾವನೂ ನಕ್ಕರು. ಕಾರ್ಡನ್ನು ವಾಪಸ್ಸು ಜೇಬಿಗಿಟ್ಟುಕೊಂಡು ಎದ್ದು ಹೋದರು. ಒಂದು ಪೊರಕೆ ಕೇಳಿ ತೆಗೆದುಕೊಂಡು ಹೋದರು.

ಐದು ದಿನ ಅಪ್ಪ ಆ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ನಿನ್ನೆ ಅಂಗನವಾಡಿಯಿಂದ ಬಂದು ನೋಡಿದರೆ ಅಮ್ಮ ದೀಪಕ್‌ನ ಬಿಳಿ ಷರಟಿಗೆ ಗುಂಡಿ ಹೊಲಿಯುತ್ತಿದ್ದಳು. ಯಾಕಮ್ಮ ಎಂದೆ. ಅಪ್ಪ ಒಳಗಿನಿಂದಲೇ, "ಫೋಟಾ ತೆಗ್ಸಬೇಕಂತಲ್ಲ ಅದಕ್ಕೆ. ಕಣ್ಕಟ್ಟೆಯಿಂದ ಮೊದಲ್ನೆ ಬಸ್ ಹಿಡಿದ್ರೆ ಹಾಸನಕ್ಕೆ ಎಷ್ಟೊತ್ತಿಗೆ ಹೋಗ್ಬೋದು?" ಎಂದು ಕೇಳಿದರು.

ಇಪ್ಪತ್ತೆರಡನೇ ತಾರೀಕು ಮಂಗಳವಾರ ಅಪ್ಪ, ದೀಪಕ್, ನಾನು ಮೂವರೂ ಹೊರಟಿದ್ದೇವೆ. ಹತ್ತೂವರೆಗೆ ಆಸ್ಪತ್ರೆಯಲ್ಲಿರುತ್ತೇವೆ. ನೀನೂ ಗಾನವಿಯೂ ಅಲ್ಲೇ ಇರುತ್ತೀರಲ್ಲ. ದೀಪಕ್‌ಗೆ ಗುರುತಿಲ್ಲದ ಜಾಗದಲ್ಲಿ ಸ್ವಲ್ಪ ಗಾಬರಿಯಾಗುತ್ತದೆ. ಬಾಗಿಲ ಹತ್ತಿರ ನಿಂತಿರು.

ಮಾಲಿನಿ